ದಂಟು ಬಿಸಾಡುವ ಊರಿನ ಬೋತಾನಕ್ಕ

ನಮ್ಮ ಪೂಯೆನ್ ಬಯಲಿನಲ್ಲಿ ಹೂಕೋಸು ಬೆಳೆಯದ ಮನೆಯಿಲ್ಲ. ಚಳಿಗಾಲದ ಗಾಳಿ ಶುರುವಾಗುವ ಹೊತ್ತಿಗೆ ರಸ್ತೆಯ ಎರಡೂ ಬದಿಗೆ ಬೆಳ್ಳಗೆ ಹೂ, ಪಕ್ಕದ ಕಾಲುವೆಯ ತುಂಬ ಕಡಿದು ಎಸೆದ ದಂಟು. ದಂಟನ್ನು ಪೇಟೆಯಲ್ಲಿ ಯಾರೂ ಕೇಳುವುದಿಲ್ಲ. ಪೇಟೆಯಲ್ಲಿ ಕೇಳದ್ದರ ಬಗ್ಗೆ ಯೋಚಿಸುವ ಅಭ್ಯಾಸ ನಮ್ಮವರಿಗೂ ಇಲ್ಲ. ಹೂವನ್ನು ಎತ್ತಿ ಹಿಡಿದದ್ದೂ ನೀರುಣಿಸಿದ್ದೂ ಅದೇ ದಂಟು ಕಣಯ್ಯಾ ಎಂದು ಹೇಳಿ ನೋಡಿ. "ಹೌದಲ್ವಾ" ಎಂದು ತಲೆಯಾಡಿಸಿ ಇನ್ನೊಂದನ್ನು ಕಾಲುವೆಗೆ ಎಸೆಯುತ್ತಾರೆ.

ಬೋತಾನಕ್ಕನ ವಿಷಯದಲ್ಲಿ ಊರು ಮಾಡಿದ್ದು ಇಷ್ಟೇ.

ಬೋತಾನಕ್ಕ ಬಾಡಿಗೆಗೆ ಅಳುವವಳು. ಸತ್ತವರ ಮನೆಗೆ ಹೋಗಿ, ಬಿಳಿ ನಿಲುವಂಗಿ ತೊಟ್ಟು, ಮುಖದ ಮೇಲೆ ಗೋಣಿಬಟ್ಟೆಯ ಮುಸುಕು ಎಳೆದುಕೊಂಡು, ಒಂದು ಕೈಯಲ್ಲಿ ಮೈಕು ಹಿಡಿದು, ಬೀದಿಯಿಂದ ಶವಪೆಟ್ಟಿಗೆಯ ತನಕ ಮೊಣಕಾಲಲ್ಲಿ ತೆವಳಿಕೊಂಡು ಬರುತ್ತಿದ್ದಳು. "ಅಮ್ಮಾ, ನಿನ್ನ ಮಗಳು ತಡವಾಗಿ ಬಂದಳು, ಕಣ್ಣು ಬಿಟ್ಟು ನೋಡು" ಎಂದು ಅವಳು ತೆಗೆಯುವ ಸ್ವರಕ್ಕೆ ಅಡುಗೆಯವರು ಸೌಟು ಕೆಳಗಿಡುತ್ತಿದ್ದರು. ನಿಜವಾದ ಮಗಳು ತೈಪೆಯಿಂದ ಬಂದವಳು, ಕೂದಲು ಕೆಡದ ಹಾಗೆ ಪಕ್ಕದಲ್ಲಿ ನಿಂತಿರುತ್ತಿದ್ದಳು. ಅವಳ ಪಾಲಿನ ಅಳುವನ್ನು ಬೋತಾನಕ್ಕ ಅತ್ತು ಮುಗಿಸುತ್ತಿದ್ದಳು.

ಈ ಕೆಲಸಕ್ಕೆ ಅವಳು ಬಂದದ್ದು ಗಂಡ ಸತ್ತ ದಿನ. ಲಾರಿಗೆ ಸಿಕ್ಕ ಗಂಡನ ಮುಂದೆ ಕೂತು ಅವಳು ಅತ್ತದ್ದನ್ನು ಕೇಳಿ ಅಂತ್ಯಕ್ರಿಯೆಯ ಗುತ್ತಿಗೆದಾರ ಹತ್ತಿರ ಬಂದು, "ಇಷ್ಟು ಒಳ್ಳೆ ಗಂಟಲನ್ನ ಸುಮ್ನೆ ಹಾಳ್ ಮಾಡ್ಕೋಬೇಡಮ್ಮ" ಅಂದನಂತೆ. ಮಡಿಲಲ್ಲಿ ಮಗ ಕಿಯಾನ್‌ಹಿಂಗ್. ಅವಳು ಹಾಳುಮಾಡಿಕೊಳ್ಳಲಿಲ್ಲ.

ಅವಳಿಗೊಂದು ನೇಮವಿತ್ತು. ಅಳುವ ಮೊದಲು ಮನೆಯವರನ್ನು ಕೂರಿಸಿಕೊಂಡು ಸತ್ತವರ ಬಗ್ಗೆ ಕೇಳುತ್ತಿದ್ದಳು. ಏನು ತಿಂದರೆ ಇಷ್ಟ, ಸಿಟ್ಟು ಬಂದರೆ ಏನು ಬೈಯುತ್ತಿದ್ದರು, ಯಾವ ಕಾಲಿನ ಮಂಡಿ ನೋಯುತ್ತಿತ್ತು. "ಗೊತ್ತಿಲ್ದೋರಿಗೋಸ್ಕರ ಅಳಬೋದು, ಕೇಳ್ದೇ ಅಳಬಾರ್ದು" ಎಂದು ತನ್ನ ಬಳಿ ಕಲಿಯಲು ಬಂದ ಅಯಿನ್ ಎಂಬ ಹುಡುಗಿಗೆ ಹೇಳಿಕೊಟ್ಟದ್ದೂ ಇದನ್ನೇ. ಮಕ್ಕಳಿಗೆ ಉತ್ತರ ಗೊತ್ತಿರುತ್ತಿತ್ತು ಎಂದುಕೊಳ್ಳಬೇಡಿ. "ನಿಮ್ಮಪ್ಪಂಗೆ ಏನಿಷ್ಟ ಇತ್ತಪ್ಪಾ?" ಎಂದು ಕೇಳಿದರೆ, ಗಂಡುಮಗ ಅರ್ಧ ಸಿಗರೇಟು ಸೇದುವಷ್ಟು ಹೊತ್ತು ಯೋಚಿಸಿ, "ಅನ್ನ" ಎನ್ನುತ್ತಿದ್ದ.

ಇಂಥವರ ಮನೆಯ ಮದುವೆಗೆ ಮಾತ್ರ ಅವಳಿಗೆ ಕರೆಯಿಲ್ಲ. ಸಾವಿನ ಗಾಳಿ ಮೆತ್ತಿಕೊಂಡ ಹೆಂಗಸು, ಮಕ್ಕಳನ್ನು ಮುಟ್ಟಬಾರದು. ಕಿಯಾನ್‌ಹಿಂಗ್ ಬೆಳೆದು ಹೂಕೋಸಿನ ಸಗಟು ವ್ಯಾಪಾರಿಯಾದ. ಹೆಣ್ಣು ಕೊಟ್ಟವರು ವಿಚಾರಿಸಿದಾಗ, "ಅಮ್ಮ ಸಂಗೀತದಲ್ಲಿದಾರೆ" ಅಂದ.

ಒಂದು ಚಳಿಗಾಲದ ಬೆಳಗ್ಗೆ ಅಂಗಳದ ನಲ್ಲಿಯ ಹತ್ತಿರ ಸಾಸಿವೆ ಸೊಪ್ಪು ತೊಳೆಯುತ್ತಿದ್ದ ಬೋತಾನಕ್ಕ ಹಾಗೇ ಪಕ್ಕಕ್ಕೆ ಒರಗಿದಳು. ಚಾಂಗ್‌ಹ್ವಾ ಪೇಟೆಯ ಆಸ್ಪತ್ರೆಗೆ ಸೇರಿಸಿದರು. ಎಂಜಲು ಶ್ವಾಸನಾಳಕ್ಕೆ ಇಳಿಯದಿರಲೆಂದು ಗಂಟಲಿಗೆ ಕೊಳವೆ ಹಾಕಿ ಉಸಿರಿನ ಯಂತ್ರಕ್ಕೆ ಸಿಕ್ಕಿಸಿದರು. ಕೈ, ಕಾಲು, ನಾಲಿಗೆ ಯಾವುದಕ್ಕೂ ಸ್ವಾಧೀನವಿಲ್ಲ, ಮುಖದಲ್ಲಿ ಒಂದು ಗೆರೆ ಅಲುಗುತ್ತಿಲ್ಲ. ನರರೋಗದ ಡಾಕ್ಟರ್ ಸೀ ಎಂಬ ಎಳೆಯ ಹೆಣ್ಣುಮಗಳು ಮಗನನ್ನೂ ಸೊಸೆ ಲೀಕ್ವಾನಳನ್ನೂ ಕೋಣೆಗೆ ಕರೆಸಿದರು. ಮಗ ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೆಟ್ಟಿಗೆ ಹೂಕೋಸು ಹೊತ್ತುಕೊಂಡು ಹೋಗಿದ್ದ. ಡಾಕ್ಟರು ಬೇಡ ಅಂದರು. ಇವನು ಮೇಜಿನ ಮೇಲಿಟ್ಟ. ಅವರು ಅದರಲ್ಲೇ ಒಂದನ್ನು ತಲೆಕೆಳಗು ಮಾಡಿ ಹಿಡಿದರು.

"ಈ ಹೂವು ಮೇಲಿನ ಮೆದುಳು ಅಂದ್ಕೊಳ್ಳಿ. ಯೋಚನೆ, ನೆನಪು, ಆಸೆ ಎಲ್ಲಾ ಇಲ್ಲಿರುತ್ತೆ. ಈ ದಂಟು ಇದೆಯಲ್ಲ, ಇದು ಮೆದುಳುಕಾಂಡ. ನಿಮ್ಮ ಹೆಬ್ಬೆರಳಷ್ಟು ಇರುತ್ತೆ, ಅಷ್ಟೇ. ಇದರಲ್ಲಿ ಮೂರು ಗೆಣ್ಣು. ತೀರಾ ಕೆಳಗಿನ ಗೆಣ್ಣು ಕತ್ತಿನ ಬೆನ್ನುಹುರಿಗೆ ಸೇರ್ಕೊಂಡಿದೆ. ಉಸಿರಾಟ, ಗುಂಡಿಗೆ ಬಡಿತ, ಕೆಮ್ಮು, ವಾಂತಿ, ನುಂಗೋದು ಅದರ ಕೆಲ್ಸ. ನಡುವಿನದು ಸ್ವಲ್ಪ ಉಬ್ಬಿರುತ್ತೆ, ಅದಕ್ಕೆ ನಾವು ಸೇತುವೆ ಅಂತೀವಿ. ಕೈಕಾಲಿಗೆ, ನಾಲಿಗೆಗೆ, ಮುಖಕ್ಕೆ ಹೋಗೋ ಅಪ್ಪಣೆಯೆಲ್ಲಾ ಅದರ ಮುಂಭಾಗದಲ್ಲೇ ಹಾದು ಹೋಗ್ಬೇಕು. ನಿಮ್ಮಮ್ಮಂಗೆ ರಕ್ತ ಹೆಪ್ಪುಗಟ್ಟಿರೋದು ಅಲ್ಲೇ."

"ಮೇಲಿನ ಗೆಣ್ಣು?" ಎಂದು ಕೇಳಿದವಳು ಲೀಕ್ವಾನ್.

"ಅದು ಗಟ್ಟಿಯಾಗಿದೆ. ಎಚ್ಚರ ಅನ್ನೋದನ್ನ ಅದೂ, ಸೇತುವೆಯ ಬೆನ್ನಿನ ಕಡೆಯ ಭಾಗವೂ ಸೇರಿ ನೋಡ್ಕೊಳ್ತವೆ. ಅಲ್ಲಿ ಪೆಟ್ಟಾಗಿಲ್ಲ. ಕಣ್ಣನ್ನ ಮೇಲೆ ಕೆಳಗೆ ಮಾಡೋದು, ರೆಪ್ಪೆ ಎತ್ತೋದು ಮೇಲಿನ ಗೆಣ್ಣಿನ ಕೆಲ್ಸ. ಕೆಳಗಿನದೂ ಗಟ್ಟಿ ಇದೆ, ಉಸಿರು ಅವರದ್ದೇ, ಯಂತ್ರ ಸುಮ್ನೆ ಕೈ ಹಿಡ್ಕೊಂಡಿದೆ ಅಷ್ಟೇ. ಹೂವಂತೂ ಹಾಗೇ ಇದೆ. ನೀವು ಆಡೋದೆಲ್ಲಾ ಅವರಿಗೆ ಕೇಳ್ಸುತ್ತೆ, ಅರ್ಥ ಆಗುತ್ತೆ. ಮಾತಾಡ್ಸಿ. ಹೌದು ಅಂತಿದ್ರೆ ಮೇಲೆ ನೋಡೋಕೆ ಹೇಳಿ, ಇಲ್ಲ ಅಂತಿದ್ರೆ ಕೆಳಗೆ."

"ಮತ್ತೆ ಎದ್ದು ಓಡಾಡ್ತಾಳಾ?" ಅಂದ ಕಿಯಾನ್‌ಹಿಂಗ್.

"ಅದು ಬಹಳ ಕಷ್ಟ."

ಅವನ ಕಿವಿಗೆ ಹೊಕ್ಕಿದ್ದು ಈ ಒಂದೇ ಮಾತು. ಉಳಿದದ್ದು ಕಾಲುವೆಗೆ ಹೋಯಿತು.

ಮನುಷ್ಯ ತನ್ನ ತಲೆಯ ಬಗ್ಗೆ ಕೊಚ್ಚಿಕೊಳ್ಳುವುದೆಲ್ಲ ಹೂವಿನ ಬಗ್ಗೆ. ಲೆಕ್ಕ ನನ್ನದು, ಯೋಜನೆ ನನ್ನದು, ದೇವಸ್ಥಾನದ ಸಮಿತಿ ನನ್ನದು ಎನ್ನುವವನು ರಾತ್ರಿ ಗೊರಕೆ ಹೊಡೆಯುವಾಗ ಅವನ ಉಸಿರನ್ನು ಎಳೆದು ಬಿಡುವುದು ಯಾರು? ಬಿಕ್ಕಳಿಕೆ ನಿಲ್ಲಿಸಲು ಯಾವ ಅಧ್ಯಕ್ಷನಿಗೆ ಅಧಿಕಾರವಿದೆ? ಬಲವಾದ ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುವುದಕ್ಕೆ ಯಾರ ಸಹಿಯೂ ಬೇಕಾಗಿಲ್ಲ. ಹೆಬ್ಬೆರಳಷ್ಟು ದಂಟು ಹಗಲೂ ರಾತ್ರಿ ದುಡಿಯುತ್ತಿರುತ್ತದೆ, ಯಜಮಾನ ಮೇಲೆ ಕೂತು ಅರಳಿರುತ್ತಾನೆ. ಯಾರಿಗೂ ಕಾಣದೆ ಊರಿನ ದುಃಖವನ್ನೆಲ್ಲ ಹೊತ್ತ ಹೆಂಗಸನ್ನು ನಾವು ನಡೆಸಿಕೊಂಡದ್ದೂ ಹೀಗೇ.

ಕಿಯಾನ್‌ಹಿಂಗನ ದೊಡ್ಡಪ್ಪ ಕೂನ್ ಆಸ್ಪತ್ರೆಗೆ ಬಂದ. ಊರಿನ ಹುಟ್ಟುಸಾವಿನ ವಿಧಿಗಳೆಲ್ಲ ತನ್ನ ನಾಲಿಗೆಯ ತುದಿಯಲ್ಲಿವೆ ಎಂದು ನಂಬಿದವನು. ಬೋತಾನಕ್ಕನ ಮಂಚದ ಸರಳಿಗೆ ಕೈಯೂರಿಕೊಂಡೇ ಶುರುಮಾಡಿದ.

"ಹೊರಗಡೆ ಸತ್ರೆ ಆತ್ಮಕ್ಕೆ ಮನೆ ದಾರಿ ಸಿಗಲ್ಲ ಮಗಾ. ಕೊನೇ ಉಸಿರೊಂದನ್ನ ಮನೆಗೆ ತಗೊಂಡು ಹೋಗ್ಬೇಕು. ಅದೂ ಬೆಳಗಿನ ತಿಂಡಿಗೆ ಮೊದ್ಲು."

"ತಿಂಡಿಗೆ ಮೊದ್ಲೇ ಯಾಕೆ ದೊಡ್ಡಪ್ಪ?"

"ಇಷ್ಟೂ ಗೊತ್ತಿಲ್ವಾ? ತಿಂಡಿಗೆ ಮೊದ್ಲು ಹೋದ್ರೆ ಮೂರು ಹೊತ್ತಿನ ಊಟಾನೂ ಮಕ್ಕಳು ಮರಿಗೆ ಬಿಟ್ಟು ಹೋದಂಗೆ. ರಾತ್ರಿ ಊಟ ಆದ್ಮೇಲೆ ಹೋದ್ರೆ ಎಲ್ಲಾ ಬಾಚ್ಕೊಂಡು ಹೋದಂಗೆ. ನಿಮ್ಮ ಮನೇಲಿ ವ್ಯಾಪಾರ ಮಾಡೋರು ಇದೀರಾ, ಯೋಚ್ನೆ ಮಾಡು."

"ಅತ್ತೆ ಕಣ್ಣಲ್ಲಿ ನೀರು ಬರ್ತಿದೆ ನೋಡ್ರೀ," ಎಂದಳು ಲೀಕ್ವಾನ್.

ಮಗ ನೋಡಿದ. "ಅದು ತಾನಾಗೇ ಸುರಿಯುತ್ತೆ. ಅವಳಿಗೆ ಅಭ್ಯಾಸ."

ಒಂದು ಜೀವಮಾನವೆಲ್ಲ ಆ ಕಣ್ಣೀರಿನಲ್ಲೇ ಬೆಂದ ಅನ್ನ ಉಂಡವನ ಮಾತು ಇದು.

ನಾನು ಪದ್ಧತಿಯನ್ನು ಹಂಗಿಸುತ್ತಿಲ್ಲ. ತನ್ನ ಹೊಸ್ತಿಲಲ್ಲಿ, ತನ್ನವರ ನಡುವೆ ಕೊನೆಯುಸಿರು ಬಿಡಲಿ ಎಂಬುದರಲ್ಲಿ ಕರುಣೆಯಿದೆ. ಆದರೆ ಕೊನೆಯ ಉಸಿರು ಯಾವುದೆಂದು ಉಸಿರಾಡುವವರನ್ನಾದರೂ ಕೇಳಬೇಡವೇ? ಮರುದಿನ ಡಾಕ್ಟರ್ ಸೀ ರಜೆಯಲ್ಲಿದ್ದರು. ಅವರ ಜಾಗಕ್ಕೆ ಬಂದಿದ್ದ ಡಾಕ್ಟರಿಗೆ ಮಗ ಹಿಂದಿನ ಮಾತು ಹೇಳಲಿಲ್ಲ, ಅವರೂ ಕೇಳಲಿಲ್ಲ. "ಮನೆಯವರ ಇಚ್ಛೆ" ಎಂದು ಕಳಿಸಿಕೊಟ್ಟರು. ಮನೆಯವರ ಇಚ್ಛೆ ಎನ್ನುವುದು ಬಹಳ ಉಪಯೋಗದ ಮಾತು. ಅದರ ಕೆಳಗೆ ಯಾರನ್ನು ಬೇಕಾದರೂ ಹೂಳಬಹುದು.

ನಸುಕಿನಲ್ಲಿ ಆಂಬುಲೆನ್ಸು ಹೊರಟಿತು. ಕೊಳವೆಗೆ ಸಿಕ್ಕಿಸಿದ ಚೀಲವನ್ನು ಸಹಾಯಕನೊಬ್ಬ ಹಿಸುಕುತ್ತಿದ್ದ. ದಾರಿಯಲ್ಲಿ ಸೇತುವೆ ಬಂದಾಗಲೆಲ್ಲ ಆತ್ಮ ಹಿಂದೆ ಉಳಿಯದಿರಲೆಂದು ಕೂಗಿ ಹೇಳಬೇಕು. ಕಿಯಾನ್‌ಹಿಂಗ್ ಹೇಳಿದ: "ಅಮ್ಮ, ಸೇತುವೆ ದಾಟ್ತಿದೀವಿ, ಜೊತೇಲೇ ಬಾ." ನಮ್ಮ ಬಯಲಿನಲ್ಲಿ ಕಾಲುವೆಗಳು ಬಹಳ, ಸೇತುವೆಗಳೂ ಬಹಳ. ಆಸ್ಪತ್ರೆಯಲ್ಲಿ ಅವಳೊಡನೆ ಒಂದು ಮಾತೂ ಆಡದವನು ಊರು ಬರುವ ತನಕ ಮಾತಾಡಿದ. ಯಾಕೆಂದರೆ ಈಗ ಅವಳು ಅವನ ಲೆಕ್ಕದಲ್ಲಿ ಆತ್ಮ. ಆತ್ಮಕ್ಕೆ ಕಿವಿ ಕೇಳಿಸುತ್ತದೆ. ಅಮ್ಮನಿಗೆ ಕೇಳಿಸುವುದಿಲ್ಲ.

ನಡುಮನೆಯಲ್ಲಿ ದೇವರಿಗೂ ಹಿರಿಯರಿಗೂ ಸಾವು ಕಾಣದಂತೆ ಕೆಂಪು ಬಟ್ಟೆ ಮುಚ್ಚಿದ್ದರು. ಹಲಗೆ ಹಾಸಿ, ಕಾಲು ಬಾಗಿಲ ಕಡೆಗೆ ಮಾಡಿ ಮಲಗಿಸಿದರು. ಸತ್ತವರ ಕಾಲ ಬುಡದಲ್ಲಿಡುವ ಅನ್ನದ ಬಟ್ಟಲನ್ನು ಲೀಕ್ವಾನ್ ಮೊದಲೇ ಸಿದ್ಧಮಾಡಿದ್ದಳು, ಅದರ ಮೇಲೊಂದು ಬೇಯಿಸಿದ ಬಾತುಮೊಟ್ಟೆ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಕೂನ್ ಸನ್ನೆ ಮಾಡಿದ. ಸಹಾಯಕ ಕೊಳವೆ ಎಳೆದ.

ಬೋತಾನಕ್ಕ ಕೆಮ್ಮಿದಳು. ಆಮೇಲೆ ಉಸಿರೆಳೆದುಕೊಂಡಳು.

"ಉಸಿರಾಡ್ತಿದಾರಲ್ಲ," ಅಂದ ಸಹಾಯಕ.

"ಆಡ್ಲಿ. ಕೊನೇದು," ಅಂದ ಕೂನ್.

ಕೊನೆಯದರ ಹಿಂದೆ ಮತ್ತೊಂದು ಬಂತು. ಅದರ ಹಿಂದೆ ಇನ್ನೊಂದು. ಡಾಕ್ಟರು ಹೇಳಿದ ಕೆಳಗಿನ ಗೆಣ್ಣು ತನ್ನ ಕೆಲಸ ಮಾಡುತ್ತಿತ್ತು. ಅದಕ್ಕೆ ಪಂಚಾಂಗ ಗೊತ್ತಿಲ್ಲ. ಸಹಾಯಕ ಚೀಲ ಮಡಚಿಕೊಂಡು, ತಲೆ ಕೆರೆದುಕೊಂಡು ಹೊರಟ. ಬಿಸಿಲು ಹೊಸ್ತಿಲು ದಾಟಿತು. ಗಂಜಿ ತಳ ಹಿಡಿಯುವ ವಾಸನೆ ಬಂತು.

"ತಿಂಡಿ ಬಡಿಸ್ಲಾ ಮಾವಯ್ಯ? ಎಲ್ರೂ ಹಸ್ಕೊಂಡಿದಾರೆ," ಎಂದಳು ಲೀಕ್ವಾನ್.

"ಮುಟ್ಬೇಡ. ನಾವು ತಿನ್ನೋ ತನಕ ಇನ್ನೂ ತಿಂಡಿಗೆ ಮೊದ್ಲೇ ಅಂತ ಲೆಕ್ಕ."

ಇಂಥ ಬುದ್ಧಿ ಪೂಯೆನ್ನಿನಲ್ಲಲ್ಲದೆ ಎಲ್ಲಿ ಹುಟ್ಟೀತು. ನೆಂಟರಿಷ್ಟರು ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ಕೂತರು, ಬೋತಾನಕ್ಕ ಎಷ್ಟು ಹೊತ್ತು ಉಸಿರಾಡಿದರೂ ಬೆಳಗಿನ ತಿಂಡಿಗೆ ಮೊದಲೇ ಸತ್ತ ಪುಣ್ಯ ಕೈತಪ್ಪದಿರಲೆಂದು. ಮಧ್ಯಾಹ್ನವಾಯಿತು. ಬಟ್ಟಲಿನ ಮೇಲಿದ್ದ ಬಾತುಮೊಟ್ಟೆ ಕಾಣೆಯಾಗಿತ್ತು. ತಿಂದವರು ಯಾರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ಅಪಾರ ಭಕ್ತಿಯಿದ್ದವರೇ ಇರಬೇಕು.

ಆಮೇಲೆ ಬುದ್ಧನಾಮ ಜಪಿಸುವ ಗುಂಪು ಬಂದು ಸುತ್ತ ನಿಂತಿತು. ಜಪ ಒಂದೇ ಎಳೆಯಲ್ಲಿ ಸಾಗುತ್ತಿದ್ದಂತೆ ಬೋತಾನಕ್ಕನ ಬಾಯಿ ಅಗಲವಾಗಿ ತೆರೆಯಿತು. ಮುಖದ ಗೆರೆಯೊಂದೂ ಅಲುಗದ ಹೆಂಗಸು ದವಡೆ ತೆರೆದದ್ದು ಕಂಡು ಕೂನ್ ಎದ್ದು ನಿಂತ.

"ಹೋಯ್ತು. ಬಾಯಿಂದ ಆತ್ಮ ಹೋಯ್ತು. ನಾನೇ ನೋಡ್ದೆ."

ಬಾಯಿ ಮುಚ್ಚಿತು. ಎದೆ ಮತ್ತೆ ಏರಿತು. ಜಪದ ಗುಂಪಿನ ಮುದುಕಿಯೊಬ್ಬಳು, "ಎಲ್ಲೂ ಹೋಗ್ಲಿಲ್ಲ ಕಣಣ್ಣ. ಆಕಳಿಸಿದ್ಲು. ನಂಗೂ ಬರ್ತಿದೆ," ಅಂದಳು. ಆಕಳಿಕೆಯೂ ದಂಟಿನದೇ ಕೆಲಸ. ಮೇಲಿನಿಂದ ಅಪ್ಪಣೆ ಇಳಿಯುವ ದಾರಿ ಕಡಿದು ಹೋದವರೂ ಆಕಳಿಸುತ್ತಾರೆ.

ಹಸಿವು ಕೂನನ ಭಕ್ತಿಯನ್ನೂ ತಿನ್ನತೊಡಗಿತ್ತು. "ಕಣ್ಣು ಬಿಟ್ಕೊಂಡಿದಾಳೆ, ಅದಕ್ಕೇ ಹೋಗ್ತಿಲ್ಲ. ಬೆಳಕು ಕಂಡ್ರೆ ಆತ್ಮಕ್ಕೆ ಆಸೆ. ಮುಖಕ್ಕೆ ಬಟ್ಟೆ ಹಾಕಿ," ಅಂದ. ಅವಳಿಗೆ ಉಳಿದಿದ್ದದ್ದು ಆ ಕಣ್ಣೊಂದೇ. ಅದರ ಮೇಲೆ ಮಗ ಬಿಳಿ ಬಟ್ಟೆ ಎಳೆದ. ಹನಿ ನೀರಿಲ್ಲದೆ, ಬಟ್ಟೆಯಡಿಯಲ್ಲಿ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಅವಳು ಮಲಗಿದ್ದಳು. ಉಸಿರಿಗೆ ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಅದನ್ನು ನೋಡುತ್ತ ಹತ್ತಾರು ಜನ ಕೂತಿದ್ದರು.

ಆ ಹೊತ್ತಿಗೆ ಅಯಿನ್ ಬಂದಳು. ಕಿಯಾನ್‌ಹಿಂಗ್ ಅವಳನ್ನು ಅಂತ್ಯಕ್ರಿಯೆಗೆ ಅಳಲು ಮೊದಲೇ ಗೊತ್ತುಮಾಡಿದ್ದ. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಲೇ ಒಳಗೆ ಬಂದು ಮಗನ ಪಕ್ಕ ಕೂತಳು.

"ಅಣ್ಣ, ಗುರುವಮ್ಮಂಗೆ ಏನಿಷ್ಟ ಇತ್ತು?"

"ಇಷ್ಟ ಅಂದ್ರೆ..." ಅವನು ಯೋಚಿಸಿದ. "ಕೆಲ್ಸ."

"ಚಿಕ್ಕೋರಿದ್ದಾಗ ನಿಮಗೆ ಏನು ಹಾಡು ಹೇಳ್ತಿದ್ರು?"

"ಯಾರಿಗೆ ನೆನಪಿದೆ ಅದೆಲ್ಲ. ಎಲ್ರಿಗೂ ಅಳೋ ಹಂಗೆ ಅತ್ತುಬಿಡಮ್ಮ."

"ಹಂಗೆಲ್ಲ ಆಗಲ್ಲ ಅಣ್ಣ. ಕೇಳ್ದೇ ಅಳಬಾರ್ದು ಅಂತ ಹೇಳ್ಕೊಟ್ಟಿದಾರೆ. ನಿಮಗೆ ಗೊತ್ತಿಲ್ಲಾಂದ್ರೆ ಅವರನ್ನೇ ಕೇಳ್ತೀನಿ."

ಹೇಳಿದವಳು ಎದ್ದು ಹೋಗಿ ಹಲಗೆಯ ಪಕ್ಕ ಮಂಡಿಯೂರಿದಳು. ಬಟ್ಟೆ ಸರಿಸಿದಳು. ಅವಳಿಗೆ ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ. ಗುರುವಿಗೆ ತೋರಿಸುವ ಮರ್ಯಾದೆ ಎಂದು ಕೇಳಿದಳು.

"ಗುರುವಮ್ಮ, ನಿಮಗೆ ಯಾವ ಸ್ವರದಲ್ಲಿ ಅಳಲಿ? ಎತ್ತರದ್ದಾ?"

ಬೋತಾನಕ್ಕನ ಕಣ್ಣು ಕೆಳಗಿಳಿಯಿತು.

"ಮತ್ತೆ ತಗ್ಗಿನದಾ?"

ಮತ್ತೂ ಕೆಳಗೇ. ರೆಪ್ಪೆ ಅದುರುತ್ತಿತ್ತು. ಅಯಿನಳ ಮುಖ ಬದಲಾಯಿತು. ಬಗ್ಗಿ ಮೆಲ್ಲಗೆ ಕೇಳಿದಳು.

"ಗುರುವಮ್ಮ, ಅಳೋದೇ ಬೇಡ್ವಾ?"

ಕಣ್ಣು ಸರ್ರನೆ ಮೇಲಕ್ಕೆ ಹೋಗಿ, ಹಣೆಯಡಿಯಲ್ಲಿ ನಿಂತುಬಿಟ್ಟಿತು.

ಅಡುಗೆಮನೆಯ ಬಾಗಿಲಲ್ಲಿ ಲೀಕ್ವಾನ್ ಗೋಡೆ ಹಿಡಿದುಕೊಂಡಳು. "ಮೇಲೆ ನೋಡಿದ್ರೆ ಹೌದು ಅಂತ. ಡಾಕ್ಟರ್ ಹೇಳಿದ್ರಲ್ರೀ."

"ಯಾವಾಗ ಹೇಳಿದ್ರು?" ಅಂದ ಗಂಡ.

"ಹೂಕೋಸು ಹಿಡ್ಕೊಂಡು ಹೇಳಿದ್ರು. ನೀವೇ ತಲೆ ಅಲ್ಲಾಡಿಸಿದ್ರಿ. ನಾನೂ ಅಲ್ಲೇ ಇದ್ದೆ."

ಅಯಿನ್ ಒಬ್ಬಳೇ ಮುಂದುವರಿಸಿದಳು. "ಬದುಕ್ಬೇಕಾ ನಿಮಗೆ?" ಕಣ್ಣು ಮೇಲೆ. "ಆಸ್ಪತ್ರೆಗೆ ವಾಪಸ್ ಹೋಗೋಣ್ವಾ?" ಮೇಲೆ. "ಇಲ್ಲಿ ಇವರೆಲ್ಲಾ ಆಡಿದ್ದು ಕೇಳಿಸ್ಕೊಂಡ್ರಾ?" ಕಣ್ಣು ಮೇಲಕ್ಕೇರಿ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು.

ಕೂನ್ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ತಿಂಡಿ ತಿನ್ಬೋದಾ?" ಅಂದ.

ಆಸ್ಪತ್ರೆಗೆ ಮರಳಿ ಒಯ್ದ ಮೇಲೆ ಬೋತಾನಕ್ಕನ ಕತ್ತಿನಲ್ಲಿ ಉಸಿರಿಗೊಂದು ರಂಧ್ರ ಮಾಡಿದರು. ಹೊಟ್ಟೆಗೆ ಕೊಳವೆಯಲ್ಲಿ ಗಂಜಿ. ಡಾಕ್ಟರ್ ಸೀ ಹಿಂದಿರುಗಿ ಬಂದು ವಿಷಯ ತಿಳಿದಾಗ ಮಗನನ್ನು ಏನೂ ಕೇಳಲಿಲ್ಲವಂತೆ, ರಜೆಯ ದಿನ ಕಳಿಸಿಕೊಟ್ಟ ಡಾಕ್ಟರನ್ನು ಮಾತ್ರ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರಂತೆ. ಎರಡನೆಯದು ಸರಿ. ಮೊದಲನೆಯದು ನನಗೆ ಒಪ್ಪಿಗೆಯಿಲ್ಲ. ಕೇಳಬೇಕಿತ್ತು.

ಮನೆಗೆ ಬಂದ ಮೇಲೆ ಅವಳ ಮಾತಿಗೆ ಅಯಿನಳೇ ನಾಲಿಗೆ. ಅಕ್ಷರಗಳ ಹಲಗೆ ಮಾಡಿಕೊಂಡು ಬೆರಳಿಟ್ಟು ತೋರಿಸುತ್ತಾಳೆ, ಕಣ್ಣು ಮೇಲೇರಿದ ಕಡೆ ನಿಲ್ಲಿಸುತ್ತಾಳೆ. ಮೊದಲ ದಿನ ಇಡೀ ಮಧ್ಯಾಹ್ನ ಕೂತು ಹೇಳಿಸಿಕೊಂಡ ಮಾತು: ಗಂಜಿ ತಳ ಹಿಡಿದಿತ್ತು. ಹೊಸ ಅಳುವಿನ ಪಾಠವನ್ನೂ ಅಯಿನ್ ಅವಳ ಮುಂದೆಯೇ ಅಭ್ಯಾಸ ಮಾಡುತ್ತಾಳೆ. ಸ್ವರ ಸುಳ್ಳಾದರೆ ಕಣ್ಣು ಕೆಳಗೆ.

ಲೀಕ್ವಾನ್ ದಿನಾ ಎರಡು ಹೊತ್ತು ಅತ್ತೆಯ ಬೆನ್ನು ಹೊರಳಿಸುತ್ತಾಳೆ, ಮಾತಾಡಿಸುತ್ತಾಳೆ, ತಡವಾಗಿಯಾದರೂ. ಕಿಯಾನ್‌ಹಿಂಗ್ ಹೊರಗಡೆ ಮಾತಾಡುತ್ತಾನೆ. ಮಗನ ಭಕ್ತಿಗೆ ಕರಗಿ ದೇವರು ಹೋದ ಪ್ರಾಣವನ್ನು ಹಿಂದಕ್ಕೆ ಕೊಟ್ಟ ಎಂಬುದು ಅವನು ಪೇಟೆಯಲ್ಲಿ ಹಂಚಿದ ಕತೆ. ಬಾಯಿಂದ ಹೊರಟ ಆತ್ಮ ಬಾಗಿಲ ತನಕ ಹೋಗಿ ತಿರುಗಿ ಬಂದದ್ದನ್ನು ಕಣ್ಣಾರೆ ಕಂಡವನು ಕೂನ್. ನಂಬುವವರಿಗೆ ನಮ್ಮಲ್ಲಿ ಬರವೇ.

ಮುಂದಿನ ಮೇ ತಿಂಗಳಲ್ಲಿ, ತಾಯಂದಿರ ದಿನದಂದು, ಊರಿನ ಕಚೇರಿಯವರು ಬೋತಾನಕ್ಕನನ್ನು ಆದರ್ಶ ತಾಯಿ ಎಂದು ಆರಿಸಿದರು. ಮಕ್ಕಳನ್ನು ಮುಟ್ಟಬಾರದಾಗಿದ್ದ ಹೆಂಗಸಿನ ಎದೆಗೆ ಕೆಂಪು ಪಟ್ಟಿ ತೊಡಿಸಿ, ಗಾಲಿಕುರ್ಚಿಯಲ್ಲಿ ವೇದಿಕೆಗೆ ಹತ್ತಿಸಿದರು. ಕಿಯಾನ್‌ಹಿಂಗ್ ಹೊಸ ಕೋಟು ಹಾಕಿಕೊಂಡು ಭಾಷಣ ಮಾಡಿದ. "ಎಲ್ರೂ ಕೈ ಬಿಟ್ರು. ನಾನೊಬ್ಬ ಒಂದು ಕ್ಷಣಾನೂ ಅಮ್ಮನ ಕೈ ಬಿಡ್ಲಿಲ್ಲ." ಧ್ವನಿ ಸರಿಯಾದ ಜಾಗದಲ್ಲಿ ಒಡೆಯಿತು. ತಾಯಿಯ ಗಂಟಲು ಅಷ್ಟರಮಟ್ಟಿಗೆ ಇಳಿದು ಬಂದಿದೆ.

ಊರ ಅಧ್ಯಕ್ಷನಿಗೆ ಉತ್ಸಾಹ ಉಕ್ಕಿತು. ಕಣ್ಣಿನ ಸನ್ನೆಯ ವಿಷಯ ಅವನೂ ಕೇಳಿದ್ದ. ಮೈಕನ್ನು ಅವಳ ಮುಖದ ಬಳಿ ಹಿಡಿದು ಸಭೆಗೆಲ್ಲ ಕೇಳುವಂತೆ, "ಏನಮ್ಮ, ಮಗ ಹೇಳಿದ್ದು ನಿಜ ತಾನೇ?" ಅಂದ.

ಬೋತಾನಕ್ಕ ಕೆಳಗೆ ನೋಡಿದಳು. ನೋಡಿದವಳು ಕಣ್ಣನ್ನು ಅಲ್ಲೇ ಇಟ್ಟಳು.

ಮಗ ಮೈಕು ಇಸಿದುಕೊಂಡ. ಆ ಕೆಳನೋಟಕ್ಕೆ ಏನರ್ಥವೆಂದು ಅವನಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ನೆನಪಿಸಿದ ದಿನದಿಂದಲೇ ಗೊತ್ತು. "ನೋಡಿ," ಎಂದು ನಕ್ಕ, "ಅಮ್ಮಂಗೆ ಹೊಗಳಿದ್ರೆ ನಾಚಿಕೆ." ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಅಯಿನ್ ಎದ್ದು ನಿಂತು, "ಇಲ್ಲ ಅಂದ್ರು" ಎಂದು ಕೂಗಿದಳು. ಮೈಕಿಲ್ಲದೆ ಅತ್ತು ಅವಳಿಗೆ ಅಭ್ಯಾಸವಿಲ್ಲ. ಚಪ್ಪಾಳೆಯಲ್ಲಿ ಅದು ಮುಳುಗಿತು.

ಆ ಹೊತ್ತಿನ ಫೋಟೋ ಕಚೇರಿಯ ಗೋಡೆಯಲ್ಲಿದೆ. ಕೋಟು, ಹಾರ, ಅಧ್ಯಕ್ಷನ ಹಲ್ಲು ಎಲ್ಲವೂ ಸ್ಪಷ್ಟವಾಗಿ ಬಂದಿವೆ. ನಡುವೆ ಒಬ್ಬ ಹೆಂಗಸು ಇಡೀ ಊರಿನ ಎದುರು ಇಲ್ಲ ಎನ್ನುತ್ತಿದ್ದಾಳೆ. ತೆರಿಗೆ ಕಟ್ಟಲು ಹೋದವರೆಲ್ಲ ಅದರ ಕೆಳಗೇ ಸಾಲು ನಿಲ್ಲುತ್ತಾರೆ.